ಚಹಾ ಬಿಡುವುದು ಬೇಡ, ಹೊತ್ತು ನೋಡಿ ಕುಡಿಯಿರಿ: ಕೆಫೀನ್ ಮೆದುಳಿಗೆ, ಮೈಗೆ ಏನು ಮಾಡುತ್ತದೆ?

ವಿಜಯಪುರದಲ್ಲಿ ಯಾರನ್ನಾದರೂ ದಿನಕ್ಕೆ ಎಷ್ಟು ಚಹಾ ಕುಡಿಯುತ್ತೀರಿ ಅಂತ ಕೇಳಿ ನೋಡಿ. ‘ಎರಡು, ಭಾಳಂದ್ರ ಮೂರು’ ಅನ್ನುತ್ತಾರೆ. ಅದು ಮನೆಯಲ್ಲಿ ಕುಡಿದ ಲೆಕ್ಕ ಮಾತ್ರ. ಹನ್ನೊಂದು ಗಂಟೆಗೆ ಆಫೀಸಿಗೆ ಬಂದ ಅರ್ಧ ಚಹಾ, ದಾರಿಯಲ್ಲಿ ಗೆಳೆಯ ಸಿಕ್ಕು ‘ಬಾರಲೇ, ಚಾ ಕುಡಿಯೂಣು’ ಅಂದಾಗ ಕುಡಿದದ್ದು, ಬೀಗರ ಮನೆಯಲ್ಲಿ ಬೇಡ ಬೇಡ ಅಂದರೂ ಕೈಗೆ ಬಂದದ್ದು, ಇವು ಯಾವುವೂ ಆ ಲೆಕ್ಕದಲ್ಲಿ ಇರುವುದಿಲ್ಲ.

ಚಹಾ ಬಿಡಿ ಎಂದು ಹೇಳಲು ಈ ಲೇಖನ ಬರೆಯುತ್ತಿಲ್ಲ. ನಮ್ಮ ಕಡೆ ಹಾಗೆ ಹೇಳಿದರೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಚಹಾ, ಕಾಫಿಯಲ್ಲಿ ಎಚ್ಚರ ಕೊಡುವ ಅಂಶವೇ ಕೆಫೀನ್. ಆರೋಗ್ಯವಾಗಿರುವ ದೊಡ್ಡವರಿಗೆ ಮಿತಿಯಲ್ಲಿ ಅದರಿಂದ ತೊಂದರೆ ಇಲ್ಲ. ಆದರೆ ಎಷ್ಟು ಕುಡಿಯುತ್ತೇವೆ ಅನ್ನುವಷ್ಟೇ ಯಾವಾಗ ಕುಡಿಯುತ್ತೇವೆ ಅನ್ನುವುದೂ ಮುಖ್ಯ. ನಮ್ಮಲ್ಲಿ ಎಡವಟ್ಟು ಆಗುವುದು ಹೆಚ್ಚಾಗಿ ಹೊತ್ತಿನ ವಿಷಯದಲ್ಲೇ.

ಮೊದಲ ಹೆಜ್ಜೆ: ತಲೆಯೊಳಗೆ ಏನಾಗುತ್ತದೆ ಅಂತ ತಿಳಿದುಕೊಳ್ಳಿ

ಬೆಳಿಗ್ಗೆ ಎದ್ದಾಗಿನಿಂದ ಮೆದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಸೇರುತ್ತಾ ಹೋಗುತ್ತದೆ. ಎಚ್ಚರವಾಗಿದ್ದಷ್ಟು ಹೊತ್ತೂ ಅದು ಜಾಸ್ತಿಯಾಗುತ್ತದೆ. ನರಕೋಶಗಳ ಮೇಲೆ ಅದಕ್ಕೆಂದೇ ಇರುವ ರಿಸೆಪ್ಟರ್ ಎಂಬ ಜಾಗಗಳಲ್ಲಿ ಹೋಗಿ ಕೂರುತ್ತದೆ. ಕೂತಾಗ ಮೆದುಳಿನ ವೇಗ ತಗ್ಗುತ್ತದೆ, ಆಕಳಿಕೆ ಬರುತ್ತದೆ, ಕಣ್ಣು ಎಳೆಯುತ್ತದೆ. ರಾತ್ರಿ ಮಲಗಿದಾಗ ಅದು ಖಾಲಿಯಾಗುತ್ತದೆ.

ಕೆಫೀನ್ ನೋಡಲು ಅಡೆನೊಸಿನ್‌ನಂತೆಯೇ ಇದೆ. ಸಿದ್ಧೇಶ್ವರ ಜಾತ್ರೆಯ ದಿನ ಬಸ್ಸು ಬಂದು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುತ್ತಾರಲ್ಲ, ಕೆಫೀನ್ ಆ ಟವೆಲ್. ಅದು ತಾನು ಸೀಟಿನ ಮೇಲೆ ಬಿದ್ದಿರುತ್ತದೆ, ಅಷ್ಟೇ. ಅಡೆನೊಸಿನ್ ಬಂದರೂ ಕೂರಲು ಜಾಗ ಇರುವುದಿಲ್ಲ, ನಿಂತೇ ಇರುತ್ತದೆ. ಕೆಲವು ತಾಸಿನ ಮೇಲೆ ಟವೆಲ್ ತೆಗೆದಾಗ ನಿಂತವರೆಲ್ಲ ಒಮ್ಮೆಲೇ ಕೂರುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಇದ್ದಕ್ಕಿದ್ದಂತೆ ಮೈ ಭಾರವಾಗುವುದಕ್ಕೆ ಇದೂ ಒಂದು ಕಾರಣ.

ಅಂದರೆ ಕೆಫೀನ್‌ನಿಂದ ದಣಿವು ಹೋಗುವುದಿಲ್ಲ. ದಣಿವಿನ ಸುದ್ದಿ ಮೆದುಳಿಗೆ ಮುಟ್ಟುವುದಿಲ್ಲ. ಇದೊಂದನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ದಿನಾಲೂ ಕುಡಿಯುವವರ ಮೆದುಳು ಇದಕ್ಕೂ ಹೊಂದಿಕೊಳ್ಳುತ್ತದೆ. ಅಡೆನೊಸಿನ್‌ಗೆ ಇನ್ನಷ್ಟು ಸೀಟು ಹಾಕಿಕೊಡುತ್ತದೆ. ಆಗ ಮೊದಲಿನ ಒಂದು ಕಪ್ಪು ಸಾಲುವುದಿಲ್ಲ. ಬೆಳಗಿನ ಚಹಾ ಕುಡಿದ ಮೇಲೆ ‘ಈಗ ಮನಷ್ಯಾ ಆದ್ನಿ’ ಅನ್ನುವವರಿಗೆ ಆ ಕಪ್ಪು ಹೊಸ ಹುರುಪು ಕೊಟ್ಟಿರುವುದಕ್ಕಿಂತ ರಾತ್ರಿಯಿಡೀ ಕೆಫೀನ್ ಇಲ್ಲದೆ ಬಂದ ಜಡವನ್ನು ತೆಗೆದಿರುವುದೇ ಹೆಚ್ಚು.

ಮೈ ಮೇಲೂ ಪರಿಣಾಮ ಇದೆ. ಮೈಯನ್ನು ಚುರುಕು ಮಾಡುವ ಅಡ್ರಿನಲಿನ್ ಎಂಬ ಹಾರ್ಮೋನು ಸ್ವಲ್ಪ ಏರುತ್ತದೆ. ಅಭ್ಯಾಸ ಇಲ್ಲದವರಿಗೆ ರಕ್ತದೊತ್ತಡ ಕೆಲ ಹೊತ್ತು ಮೇಲೆ ಹೋಗುತ್ತದೆ, ಎದೆ ಬಡಿತ ಗೊತ್ತಾಗುತ್ತದೆ, ಕೈ ನಡುಗಬಹುದು. ಹೊಟ್ಟೆಯಲ್ಲಿ ಆಮ್ಲ ಜಾಸ್ತಿಯಾಗುತ್ತದೆ.

ಇನ್ನೊಂದು ಮಾತು. ಕುಡಿದ ಕೆಫೀನ್ ರಕ್ತಕ್ಕೆ ಪೂರ್ತಿ ಸೇರಲು ಮುಕ್ಕಾಲು ತಾಸು ಹಿಡಿಯುತ್ತದೆ. ಹಾಗಿದ್ದರೆ ಮೊದಲ ಗುಟುಕಿಗೇ ತಲೆ ಹಗುರವಾಗುವುದು ಹೇಗೆ? ಅದು ಬಿಸಿ, ಸಕ್ಕರೆ, ಏಲಕ್ಕಿ ವಾಸನೆ ಮತ್ತು ರೂಢಿಯ ಕೆಲಸ. ಕೆಫೀನ್ ಇನ್ನೂ ಹೊಟ್ಟೆಯಲ್ಲೇ ಇರುತ್ತದೆ. ಚಹಾ ಕಡಿಮೆ ಮಾಡಬೇಕು ಅನ್ನುವವರಿಗೆ ಇದು ಒಳ್ಳೆ ಸುದ್ದಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಎರಡನೇ ಹೆಜ್ಜೆ: ಕಪ್ಪು ಎಣಿಸಬೇಡಿ, ಪ್ಯಾಕೆಟ್ ನೋಡಿ

ಕಪ್ಪಿನ ಲೆಕ್ಕ ನಂಬುವಂಥದ್ದಲ್ಲ. ಒಬ್ಬರ ಕಪ್ಪು ಇನ್ನೊಬ್ಬರಿಗೆ ಲೋಟ. ಒಂದು ಮನೆಯಲ್ಲಿ ಎರಡು ಕುದಿ, ಇನ್ನೊಂದು ಮನೆಯಲ್ಲಿ ಪಾತ್ರೆಯ ತಳ ಕಾಣುವ ತನಕ ಕುದಿಸುತ್ತಾರೆ. ಹೆಚ್ಚು ಕುದಿಸಿದಷ್ಟೂ ಕೆಫೀನ್ ಜಾಸ್ತಿ ಬಿಡುತ್ತದೆ. ಅದಕ್ಕೇ ಚಹಾಪುಡಿಯಿಂದ ಲೆಕ್ಕ ಹಾಕಿ.

ಚಹಾಪುಡಿಯ ತೂಕದಲ್ಲಿ ಶೇಕಡಾ 2ರಿಂದ 4ರಷ್ಟು ಕೆಫೀನ್ ಇರುತ್ತದೆ. ಸುಲಭಕ್ಕೆ 3 ಅಂತ ಇಟ್ಟುಕೊಳ್ಳೋಣ. 250 ಗ್ರಾಂ ಪ್ಯಾಕೆಟ್ಟಿನಲ್ಲಿ ಸುಮಾರು 7,500 ಮಿಲಿಗ್ರಾಂ ಆಯಿತು. ಆ ಪ್ಯಾಕೆಟ್ಟು ನಾಲ್ಕು ಜನರ ಮನೆಯಲ್ಲಿ ಹತ್ತು ದಿನಕ್ಕೆ ಮುಗಿದರೆ ಒಬ್ಬರಿಗೆ ದಿನಕ್ಕೆ 190 ಮಿಲಿಗ್ರಾಂ ಆಸುಪಾಸು. ಪುಡಿಯಲ್ಲಿದ್ದದ್ದೆಲ್ಲ ನೀರಿಗೆ ಬರುವುದಿಲ್ಲ ನಿಜ, ಆದರೆ ನಾವು ಕುದಿಸುವ ರೀತಿಗೆ ಬಹುಪಾಲು ಬಂದೇ ಬರುತ್ತದೆ. ಹೊಸ ಪ್ಯಾಕೆಟ್ ಒಡೆದ ದಿನ ಅದರ ಮೇಲೇ ಪೆನ್ನಿನಲ್ಲಿ ತಾರೀಖು ಬರೆದಿಡಿ. ಮುಗಿದ ದಿನ ಭಾಗಾಕಾರ ಮಾಡಿ. ಬಂದು ಹೋದವರಿಗೆ ಮಾಡಿದ್ದನ್ನು ಸ್ವಲ್ಪ ಕಳೆಯಿರಿ.

ಇದರ ಮೇಲೆ ಹೊರಗಿನದು ಕೂಡಿಸಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2024ರ ಆಹಾರ ಮಾರ್ಗಸೂಚಿಯಲ್ಲಿ ಕೊಟ್ಟ ಅಂಕಿ ಹೀಗಿದೆ: 150 ಮಿಲಿಲೀಟರ್ ಕಪ್ಪಿನ ಲೆಕ್ಕದಲ್ಲಿ ಚಹಾಕ್ಕೆ 30ರಿಂದ 65 ಮಿಲಿಗ್ರಾಂ, ಇನ್‌ಸ್ಟಂಟ್ ಕಾಫಿಗೆ 50ರಿಂದ 65, ಡಿಕಾಕ್ಷನ್ ಕಾಫಿಗೆ 80ರಿಂದ 120. ಅಂಗಡಿಯ ಅರ್ಧ ಚಹಾ ಎರಡಾದರೆ ಒಂದು ಕಪ್ಪು ಅನ್ನಿ. ಹೋಟೆಲಿನ ಫಿಲ್ಟರ್ ಕಾಫಿ ಒಂದು ಕುಡಿದರೆ ಎರಡು ಚಹಾ ಅಂತ ಬರೆದುಕೊಳ್ಳಿ.

ಹಾಲು ಹಾಕಿದರೆ ಕೆಫೀನ್ ಸಾಯುವುದಿಲ್ಲ. ಶುಂಠಿ, ಏಲಕ್ಕಿ, ಲಿಂಬೆ ಯಾವುದೂ ಅದನ್ನು ಕಡಿಮೆ ಮಾಡುವುದಿಲ್ಲ. ಗ್ರೀನ್ ಟೀಯಲ್ಲೂ ಕೆಫೀನ್ ಇದೆ. ಕೋಲಾದಲ್ಲಿ ಇದೆ, ಕೆಲವು ತಲೆನೋವಿನ ಗುಳಿಗೆಗಳಲ್ಲೂ ಇದೆ. ಗುಳಿಗೆಯ ಪಟ್ಟಿಯ ಹಿಂಬದಿ ಓದಿದರೆ ಗೊತ್ತಾಗುತ್ತದೆ. ನಮ್ಮ ಮನೆಗಳಲ್ಲಿ ಮಾಡುವ ಕೊತ್ತಂಬರಿ, ಜೀರಿಗೆ, ಮೆಣಸಿನ ಕಷಾಯದಲ್ಲಿ ಮಾತ್ರ ಒಂದು ಮಿಲಿಗ್ರಾಮೂ ಇಲ್ಲ.

ಮಿತಿ ಎಷ್ಟು? ಐಸಿಎಂಆರ್ ದಿನಕ್ಕೆ 300 ಮಿಲಿಗ್ರಾಂ ದಾಟಬೇಡಿ ಅನ್ನುತ್ತದೆ. ಯುರೋಪು ಮತ್ತು ಅಮೆರಿಕದ ಆಹಾರ ಸುರಕ್ಷತಾ ಸಂಸ್ಥೆಗಳು ಆರೋಗ್ಯವಂತ ದೊಡ್ಡವರಿಗೆ 400ರ ತನಕ ಅಡ್ಡಿಯಿಲ್ಲ ಅನ್ನುತ್ತವೆ. ನಾನು 300ನ್ನೇ ಹಿಡಿಯಿರಿ ಅನ್ನುತ್ತೇನೆ. ಯಾಕೆಂದರೆ ನಮ್ಮ ಎಣಿಕೆಯಲ್ಲಿ ಒಂದೆರಡು ಕಪ್ಪು ತಪ್ಪಿಹೋಗುವುದು ಗ್ಯಾರಂಟಿ. ಬಸುರಿಯರು 200ರೊಳಗೆ ಇರಬೇಕು.

ಸಕ್ಕರೆಯ ಮಾತು ಬೇರೆಯೇ ಇದೆ. ಕಬ್ಬಿನ ಸೀಮೆಯವರು ನಾವು, ಕೈ ಸ್ವಲ್ಪ ಉದಾರ. ಕಪ್ಪಿಗೆ ಎರಡು ಚಮಚದಂತೆ ಐದು ಚಹಾ ಆದರೆ 40 ಗ್ರಾಂ ದಾಟುತ್ತದೆ. ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಎಷ್ಟೋ ಜನರಿಗೆ ಕೆಫೀನಿಗಿಂತ ದೊಡ್ಡ ತೊಂದರೆ ಇದೇ.

ಮೂರನೇ ಹೆಜ್ಜೆ: ಕೊನೆಯ ಚಹಾದ ಗಂಟೆ ಗೊತ್ತು ಮಾಡಿ

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಬೇರೆ ಏನೂ ಮಾಡದಿದ್ದರೂ ಇದೊಂದನ್ನು ಮಾಡಿ.

ಕುಡಿದ ಕೆಫೀನ್‌ನಲ್ಲಿ ಅರ್ಧ ಕರಗಲು ಸುಮಾರು ಐದು ತಾಸು ಬೇಕು. ಸಂಜೆ ಆರಕ್ಕೆ 60 ಮಿಲಿಗ್ರಾಮಿನ ಒಂದು ಚಹಾ ಕುಡಿದರೆ ರಾತ್ರಿ ಹನ್ನೊಂದಕ್ಕೂ 30 ಮಿಲಿಗ್ರಾಂ ಒಳಗೇ ಇರುತ್ತದೆ. ಮಲಗುವ ಆರು ತಾಸು ಮೊದಲು 400 ಮಿಲಿಗ್ರಾಂ ತೆಗೆದುಕೊಂಡವರಿಗೂ ಒಂದು ತಾಸಿಗಿಂತ ಹೆಚ್ಚು ನಿದ್ದೆ ಕಡಿಮೆಯಾಯಿತು ಅಂತ 2013ರ ಅಮೆರಿಕದ ಅಧ್ಯಯನವೊಂದು ತೋರಿಸಿತು. ಅದು ದೊಡ್ಡ ಪ್ರಮಾಣ, ನಿಜ. ಆದರೆ ಸಂಜೆ ಮೇಲೆ ಎರಡು ಮೂರು ಕಡೆ ಕೂತು ಎದ್ದು ಬರುವವರ ಮೈಯಲ್ಲೂ ಮಲಗುವ ಹೊತ್ತಿಗೆ ಕೆಫೀನ್ ಸಾಕಷ್ಟು ಉಳಿದಿರುತ್ತದೆ.

‘ನಾ ಚಾ ಕುಡಿದು ಮಲಗಿದ್ರೂ ಗಡದ್ದ ನಿದ್ದಿ ಬರತೈತ್ರಿ’ ಅನ್ನುವವರು ಪ್ರತಿ ಓಣಿಯಲ್ಲೂ ಸಿಗುತ್ತಾರೆ. ನಿದ್ದೆ ಬರಬಹುದು. ಅದರ ಆಳ ಕಡಿಮೆಯಾಗುತ್ತದೆ, ನಡುವೆ ಎಚ್ಚರ ಜಾಸ್ತಿ. ಬೆಳಿಗ್ಗೆ ಎದ್ದಾಗ ಮೈ ಹಗುರ ಇರುವುದಿಲ್ಲ, ಅದಕ್ಕೆ ಮತ್ತೊಂದು ಚಹಾ. ಹೀಗೆ ಸುತ್ತುತ್ತದೆ.

ನೀವು ಮಲಗುವ ಹೊತ್ತಿನಿಂದ ಏಳು ತಾಸು ಹಿಂದಕ್ಕೆ ಎಣಿಸಿ. ಹತ್ತೂವರೆಗೆ ಮಲಗುವವರಿಗೆ ಮೂರೂವರೆ ಬಂತು. ಅದರಾಚೆ ಕಡಕ್ ಚಹಾ ಬೇಡ. ‘ಸಂಜಿ ಚಾ ಬಿಟ್ರ ಹೆಂಗ್ರಿ?’ ಅಂತ ಕೇಳುತ್ತೀರಿ, ಗೊತ್ತು. ಸಂಜೆಯದನ್ನು ಕಷಾಯ ಮಾಡಿಕೊಳ್ಳಿ, ಹಾಲು ಬೆಲ್ಲ ಹಾಕಿ ಬಿಸಿಬಿಸಿ. ಅದೂ ಆಗದಿದ್ದರೆ ಪುಡಿ ಅರ್ಧ ಹಾಕಿ ಅರ್ಧ ಕಪ್ಪು. ಬೀಗರು ಬಂದ ದಿನ ನಿಯಮ ಮುರಿದರೆ ಪ್ರಪಂಚ ಮುಳುಗುವುದಿಲ್ಲ.

ಐದು ತಾಸು ಅನ್ನುವುದು ಎಲ್ಲರಿಗೂ ಒಂದೇ ಅಲ್ಲ. ಲಿವರಿನಲ್ಲಿರುವ ಒಂದು ಕಿಣ್ವ ಕೆಫೀನನ್ನು ಒಡೆಯುತ್ತದೆ. ಒಬ್ಬರಲ್ಲಿ ಅದು ಚುರುಕು, ಇನ್ನೊಬ್ಬರಲ್ಲಿ ನಿಧಾನ. ಬಸಿರಿನ ಕೊನೆಯ ತಿಂಗಳುಗಳಲ್ಲಿ ಅರ್ಧ ಕರಗಲು ಹದಿನೈದು ತಾಸಿನ ತನಕ ಬೇಕಾಗಬಹುದು. ಗರ್ಭನಿರೋಧಕ ಗುಳಿಗೆ ತೆಗೆದುಕೊಳ್ಳುವವರಲ್ಲೂ ಸುಮಾರು ದುಪ್ಪಟ್ಟು ಹೊತ್ತು. ಬೀಡಿ, ಸಿಗರೇಟು ಸೇದುವವರಲ್ಲಿ ಮಾತ್ರ ಬೇಗ ಕರಗುತ್ತದೆ. ಅದಕ್ಕೆ ಕಾರಣ ಹೊಗೆ, ತಂಬಾಕಿನ ನಿಕೋಟಿನ್ ಅಲ್ಲ. ಗುಟ್ಕಾ ತಿನ್ನುವವರಿಗೆ ಇದು ಅನ್ವಯಿಸುವುದಿಲ್ಲ. ಸೇದುವುದನ್ನು ಬಿಟ್ಟವರು ಒಂದು ವಿಷಯ ಗಮನಿಸಬೇಕು: ಅದೇ ಚಹಾ, ಆದರೆ ಈಗ ಕೆಫೀನ್ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಕಿರಿಕಿರಿ, ಚಡಪಡಿಕೆ, ನಿದ್ದೆ ಇಲ್ಲದ್ದು ಎಲ್ಲವನ್ನೂ ಸಿಗರೇಟು ಬಿಟ್ಟದ್ದಕ್ಕೆ ಅಂದುಕೊಂಡು ಮತ್ತೆ ಸೇದಲು ಶುರು ಮಾಡುತ್ತಾರೆ. ಸೇದುವುದು ಬಿಟ್ಟ ವಾರ ಚಹಾವನ್ನೂ ಅರ್ಧಕ್ಕೆ ಇಳಿಸಿ.

ರಾತ್ರಿ ಪಾಳಿಯವರಿಗೆ

ರಬಕವಿ-ಬನಹಟ್ಟಿಯ ಪವರ್‌ಲೂಮಿನಲ್ಲಿ, ಮುಧೋಳ, ಜಮಖಂಡಿ ಕಡೆಯ ಸಕ್ಕರೆ ಕಾರ್ಖಾನೆಗಳಲ್ಲಿ ರಾತ್ರಿ ಕೆಲಸ ಮಾಡುವವರು ಗಡಿಯಾರವನ್ನು ಬೇರೆ ರೀತಿ ನೋಡಬೇಕು. ನಿಮ್ಮ ಲೆಕ್ಕ ಸೂರ್ಯನಿಂದಲ್ಲ, ನೀವು ಮಲಗುವ ಹೊತ್ತಿನಿಂದ. ಬೆಳಿಗ್ಗೆ ಎಂಟಕ್ಕೆ ಮಲಗುವವರಿಗೆ ರಾತ್ರಿ ಒಂದು ಗಂಟೆಯೇ ಕೊನೆಯ ಚಹಾ. ಪಾಳಿಯ ಮೊದಲ ಅರ್ಧದಲ್ಲಿ ಸ್ವಲ್ಪ ಸ್ವಲ್ಪ ಕುಡಿಯಿರಿ. ಪಾಳಿ ಬಿಟ್ಟು ಮನೆಗೆ ಹೋಗುವ ದಾರಿಯಲ್ಲಿ ಎಲ್ಲರೊಂದಿಗೆ ನಿಂತು ಕುಡಿಯುವ ಚಹಾ ಇದೆಯಲ್ಲ, ಹಗಲಿನ ನಿದ್ದೆ ಕೆಡಿಸುವುದು ಅದೇ.

ಕಬ್ಬಿನ ಟ್ರ್ಯಾಕ್ಟರ್ ಓಡಿಸುವವರಿಗೆ ಇನ್ನೊಂದು ಉಪಾಯ. ಕಾರ್ಖಾನೆ ಗೇಟಿನ ಮುಂದೆ ಸಾಲಿನಲ್ಲಿ ನಿಂತಾಗ ಒಂದು ಚಹಾ ಕುಡಿದು ಕೂಡಲೇ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ. ಆ ಸಣ್ಣ ನಿದ್ದೆಯಲ್ಲಿ ಅಡೆನೊಸಿನ್ ಒಂದಿಷ್ಟು ಇಳಿಯುತ್ತದೆ, ಏಳುವ ಹೊತ್ತಿಗೆ ಕೆಫೀನ್ ಕೆಲಸ ಶುರು ಮಾಡಿರುತ್ತದೆ. ಎರಡೂ ಸೇರಿ ಒಂದೊಂದಕ್ಕಿಂತ ಚೆನ್ನಾಗಿ ಎಚ್ಚರ ಕೊಡುತ್ತವೆ. ಆದರೆ ಎರಡು ರಾತ್ರಿ ನಿದ್ದೆ ಇಲ್ಲದವರನ್ನು ಯಾವ ಚಹಾವೂ ಉಳಿಸುವುದಿಲ್ಲ. ಕಣ್ಣು ತೆರೆದಿದ್ದಂತೆಯೇ ಮೆದುಳು ಕೆಲವು ಸೆಕೆಂಡು ಮಲಗಿಬಿಡುತ್ತದೆ. ತಲೆ ತೂಗಿತು ಅಂದರೆ ಗಾಡಿ ಬದಿಗೆ ಹಾಕಿ.

ಪಿಎಸ್ಐ, ಕೆಎಎಸ್, ಪಿಡಿಒ ಅಂತ ವಿಜಯಪುರಕ್ಕೆ ಬಂದು ರೂಮು ಮಾಡಿಕೊಂಡು ಓದುವ ಹುಡುಗ ಹುಡುಗಿಯರಿಗೂ ಎರಡು ಮಾತು. ಹಗಲು ಓದಿದ್ದು ಮೆದುಳಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲಿ. ರಾತ್ರಿ ಹನ್ನೊಂದಕ್ಕೆ ಚಹಾ ಕುಡಿದು ಎರಡರ ತನಕ ಓದಿದರೆ ಪುಟ ಮುಗಿಯುತ್ತವೆ, ನೆನಪು ಕಡಿಮೆ ಉಳಿಯುತ್ತದೆ. ಬೆಳಿಗ್ಗೆ ಐದಕ್ಕೆ ಎದ್ದು ಒಂದು ಕಪ್ಪು ಕುಡಿದು ಕೂತರೆ ಅದೇ ಕೆಫೀನ್ ನಿಮ್ಮ ಪರವಾಗಿ ಕೆಲಸ ಮಾಡುತ್ತದೆ. ಪರೀಕ್ಷೆಯ ದಿನ ಎಂದಿನಷ್ಟೇ ಕುಡಿಯಿರಿ. ಹೊಸದಾಗಿ ಎನರ್ಜಿ ಡ್ರಿಂಕ್ ಪ್ರಯೋಗಕ್ಕೆ ಅದು ದಿನವಲ್ಲ.

ನಾಲ್ಕನೇ ಹೆಜ್ಜೆ: ಊಟಕ್ಕೂ ಗುಳಿಗೆಗೂ ದೂರ ಇಡಿ

ಇದು ಕೆಫೀನಿಗಿಂತ ಚಹಾದ ಒಗರಿನ ಕಥೆ. ಚಹಾದಲ್ಲಿರುವ ಟ್ಯಾನಿನ್ ಊಟದ ಕಬ್ಬಿಣದ ಅಂಶವನ್ನು ಹಿಡಿದುಕೊಳ್ಳುತ್ತದೆ, ಮೈಗೆ ಸೇರಲು ಬಿಡುವುದಿಲ್ಲ. ಅದರಲ್ಲೂ ಕಾಳು, ಸೊಪ್ಪು, ರೊಟ್ಟಿಯಲ್ಲಿರುವ ಕಬ್ಬಿಣಕ್ಕೆ ಇದರಿಂದ ಪೆಟ್ಟು ಜಾಸ್ತಿ. ನಮ್ಮ ಊಟವೋ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ. ಉಂಡು ಕೈ ತೊಳೆದ ಕೂಡಲೇ ಚಹಾ ಕುಡಿದರೆ ಉಂಡದ್ದರಲ್ಲಿನ ಕಬ್ಬಿಣದ ಲಾಭ ಅರ್ಧಕ್ಕರ್ಧ ಹೋದಂತೆ. ಊಟಕ್ಕೆ ಒಂದು ತಾಸು ಮೊದಲು, ಒಂದು ತಾಸು ನಂತರ ಚಹಾ ಬೇಡ ಅಂತ ಐಸಿಎಂಆರ್ ಕೂಡ ಹೇಳುತ್ತದೆ. ರಕ್ತ ಕಡಿಮೆ ಇರುವ ಹೆಣ್ಣುಮಕ್ಕಳು ಇದನ್ನು ಬಿಗಿಯಾಗಿ ಪಾಲಿಸಬೇಕು. ಬಸುರಿಯರಿಗೆ ಕೊಡುವ ಕಬ್ಬಿಣದ ಗುಳಿಗೆಯನ್ನು ಚಹಾದ ಜೊತೆ ನುಂಗುವುದನ್ನು ಕಂಡಿದ್ದೇನೆ. ಲಿಂಬೆ ನೀರಿನ ಜೊತೆ ತೆಗೆದುಕೊಳ್ಳಿ ಅಕ್ಕಾ, ಅದರಿಂದ ಕಬ್ಬಿಣ ಇನ್ನೂ ಚೆನ್ನಾಗಿ ಹಿಡಿಯುತ್ತದೆ.

ಥೈರಾಯ್ಡ್ ಗುಳಿಗೆಯನ್ನು ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ತೆಗೆದುಕೊಂಡು ಅರ್ಧದಿಂದ ಒಂದು ತಾಸು ಬಿಟ್ಟು ಚಹಾ, ಕಾಫಿ ಕುಡಿಯಿರಿ. ಸಿಪ್ರೊಫ್ಲಾಕ್ಸಾಸಿನ್ ಎಂಬ ಆಂಟಿಬಯೋಟಿಕ್ ನಡೆದಿರುವಾಗ ಕೆಫೀನ್ ಕರಗುವುದು ನಿಧಾನವಾಗುತ್ತದೆ, ಆ ದಿನಗಳಲ್ಲಿ ಕಪ್ಪು ಇಳಿಸಿ. ಬಿಪಿ ಚೆಕ್ ಮಾಡಿಸುವ ಅರ್ಧ ತಾಸು ಮೊದಲು ಚಹಾ ಬೇಡ. ಆಸ್ಪತ್ರೆ ಮುಂದಿನ ಅಂಗಡಿಯಲ್ಲಿ ಕುಡಿದೇ ಒಳಗೆ ಹೋಗುವ ರೂಢಿ ನಮ್ಮದು, ಆಮೇಲೆ ಬಿಪಿ ಜಾಸ್ತಿ ಬಂತು ಅಂತ ಹೆದರುವುದು.

ಬಿಸಿಲಿನ ಪ್ರಶ್ನೆ ಎಲ್ಲರೂ ಕೇಳುತ್ತಾರೆ: ಚಹಾ ಕುಡಿದರೆ ಮೈಯ ನೀರು ಹೋಗುತ್ತದಾ? ರೂಢಿಯಿದ್ದವರಿಗೆ ಮಿತಿಯಲ್ಲಿ ಹಾಗೇನೂ ಆಗುವುದಿಲ್ಲ. ಆದರೆ ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿಗೆ ನೀರು, ಮಜ್ಜಿಗೆ ಕುಡಿಯಬೇಕಾದ ಜಾಗದಲ್ಲಿ ಚಹಾ ಕುಡಿದು ಸುಮ್ನೆ ಇದ್ದರೆ ಸಾಲುವುದಿಲ್ಲ. ಎದೆ ಉರಿ, ಹುಳಿ ತೇಗು ಇದ್ದವರು ಖಾಲಿ ಹೊಟ್ಟೆಯ ಚಹಾ ಬಿಟ್ಟು ನೋಡಿ, ಅಷ್ಟು ಸಾಕು.

ಐದನೇ ಹೆಜ್ಜೆ: ಇಳಿಸುವುದಾದರೆ ಪುಡಿ ಇಳಿಸಿ

ದಿನಾಲೂ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ 12ರಿಂದ 24 ತಾಸಿನೊಳಗೆ ತಲೆನೋವು ಶುರುವಾಗುತ್ತದೆ. ಕೆಫೀನ್ ಮೆದುಳಿನ ರಕ್ತನಾಳಗಳನ್ನು ಸ್ವಲ್ಪ ಬಿಗಿಯಾಗಿ ಇಟ್ಟಿರುತ್ತದೆ, ಅದು ಇಲ್ಲದಾಗ ಅವು ಹಿಗ್ಗುತ್ತವೆ. ಸಿಡುಕು, ಮಂಕು, ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು ಎಲ್ಲ ಬರುತ್ತವೆ. ಎರಡನೇ ದಿನ ಜೋರು, ವಾರದ ಆಸುಪಾಸು ಮುಗಿಯುತ್ತದೆ. ದಿನಕ್ಕೆ 100 ಮಿಲಿಗ್ರಾಂ ಕುಡಿಯುವವರಿಗೂ ಇದು ಬರಬಹುದು. ಏಕಾದಶಿ, ಶ್ರಾವಣ ಸೋಮವಾರದ ಉಪವಾಸದಲ್ಲಿ ಚಹಾವನ್ನೂ ಬಿಡುವವರ ತಲೆ ಹಿಡಿಯುತ್ತದಲ್ಲ, ಹಸಿವಿನ ಜೊತೆಗೆ ಇದೂ ಇರುತ್ತದೆ. ರಂಜಾನ್ ರೋಜಾದ ಮೊದಲ ದಿನಗಳ ತಲೆನೋವಿನಲ್ಲೂ ಇದರ ಪಾಲಿದೆ. ಇಂಥ ದಿನಗಳು ಮೊದಲೇ ಗೊತ್ತಿರುತ್ತವೆ, ಹತ್ತು ದಿನ ಮುಂಚೆಯಿಂದ ಇಳಿಸುತ್ತಾ ಬನ್ನಿ.

ಹೇಗೆ ಇಳಿಸುವುದು? ಕಪ್ಪು ಕಡಿಮೆ ಮಾಡಲು ಹೋದವರು ಹೆಚ್ಚಾಗಿ ಸೋಲುತ್ತಾರೆ. ಕಪ್ಪಿನ ಜೊತೆ ಮಾತಿದೆ, ಮಂದಿ ಇದ್ದಾರೆ, ಕೈಗೊಂದು ಬಿಸಿ ಇದೆ. ಆಗಲೇ ಹೇಳಿದೆನಲ್ಲ, ಮೊದಲ ಗುಟುಕಿನ ಸುಖ ಕೆಫೀನಿನದಲ್ಲ ಅಂತ. ಹಾಗಾಗಿ ಕಪ್ಪು ಹಾಗೇ ಇರಲಿ, ಪುಡಿ ಕಡಿಮೆ ಮಾಡಿ. ಮೊದಲ ವಾರ ನಾಲ್ಕು ಚಮಚದ ಜಾಗದಲ್ಲಿ ಮೂರು. ಎರಡನೇ ವಾರ ಎರಡೂವರೆ. ಶುಂಠಿ ಸ್ವಲ್ಪ ಜಾಸ್ತಿ ಜಜ್ಜಿ ಹಾಕಿದರೆ ಮನೆಯವರಿಗೆ ವ್ಯತ್ಯಾಸ ಸುಲಭಕ್ಕೆ ಗೊತ್ತಾಗುವುದಿಲ್ಲ. ಬಣ್ಣ ಕಡಿಮೆಯಾಯಿತು ಅಂತ ಹಿರಿಯರು ಗೊಣಗಬಹುದು, ಹಾಲು ಒಂದು ತುಸು ಕಡಿಮೆ ಮಾಡಿದರೆ ಬಣ್ಣವೂ ಸರಿಯಾಗುತ್ತದೆ. ಆ ದಿನಗಳಲ್ಲಿ ತಲೆನೋವಿಗೆ ಕೆಫೀನ್ ಇರುವ ಗುಳಿಗೆ ನುಂಗಿದರೆ ಮಾಡಿದ್ದೆಲ್ಲ ವ್ಯರ್ಥ, ಪಟ್ಟಿ ಓದಿ.

ಮಕ್ಕಳು ಮತ್ತು ಡಬ್ಬಿಯ ಪಾನೀಯ

ಟೋಸ್ಟು, ಖಾರಿ ಅದ್ದಿಕೊಂಡು ತಿನ್ನಲಿ ಅಂತ ಸಣ್ಣ ಮಕ್ಕಳ ಮುಂದೆಯೂ ಚಹಾ ಇಡುತ್ತೇವೆ. ಮಕ್ಕಳಿಗೆ ಮೈತೂಕದ ಕಿಲೋಗೆ 3 ಮಿಲಿಗ್ರಾಂ ದಾಟಬಾರದು ಅನ್ನುವುದು ಯುರೋಪಿನ ಲೆಕ್ಕ. 20 ಕಿಲೋ ಮಗುವಿಗೆ 60 ಮಿಲಿಗ್ರಾಂ, ಅಂದರೆ ಒಂದು ಕಡಕ್ ಕಪ್ಪು. ಅದರ ಮೇಲೆ ಕೋಲಾ, ಚಾಕಲೇಟು ಬಂದರೆ ಮುಗಿಯಿತು. ಹಾಲಿಗೆ ಅದ್ದಿ ಕೊಟ್ಟರೆ ಏನು ಕಡಿಮೆ?

ಬೆಳೆದ ಹುಡುಗರ ಕಥೆ ಎನರ್ಜಿ ಡ್ರಿಂಕ್. ನಮ್ಮ ದೇಶದ ನಿಯಮದ ಪ್ರಕಾರ ಇವುಗಳಲ್ಲಿ ಲೀಟರಿಗೆ 300 ಮಿಲಿಗ್ರಾಂ ತನಕ ಕೆಫೀನ್ ಇರಬಹುದು. 250 ಮಿಲಿಲೀಟರಿನ ಡಬ್ಬಿಗೆ 75 ಮಿಲಿಗ್ರಾಂ ಬಂತು. ಮಕ್ಕಳಿಗೆ, ಬಸುರಿಯರಿಗೆ, ಬಾಣಂತಿಯರಿಗೆ ಬೇಡ ಅಂತ ಡಬ್ಬಿಯ ಮೇಲೇ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಬಿಸಿ ಚಹಾವನ್ನು ಊದಿ ಊದಿ ಕುಡಿಯಬೇಕು, ಇದನ್ನು ಗಟಗಟ ಇಳಿಸಬಹುದು. ಅಪಾಯ ಅಲ್ಲೇ ಇರುವುದು. ಸೆರೆಯ ಜೊತೆ ಬೆರೆಸಿದರೆ ಇನ್ನೂ ಕೆಟ್ಟದ್ದು: ಅಮಲು ಏರಿದ್ದು ಗೊತ್ತಾಗುವುದಿಲ್ಲ, ಇನ್ನಷ್ಟು ಕುಡಿಯುತ್ತಾರೆ.

ಬೆಳಗಾವಿಯ ಜಿಮ್‌ಗಳಿಗೆ ಹೋಗುವ ಹುಡುಗರು ವ್ಯಾಯಾಮಕ್ಕೆ ಮೊದಲು ಕಲಸಿ ಕುಡಿಯುವ ಪುಡಿಯ ಡಬ್ಬಿಯನ್ನು ಒಮ್ಮೆ ಓದಿ ನೋಡಬೇಕು. ಒಂದೇ ಚಮಚದಲ್ಲಿ ಮೂರು ನಾಲ್ಕು ಚಹಾದಷ್ಟು ಕೆಫೀನ್ ಇರುವ ಪುಡಿಗಳಿವೆ. ಚಮಚ ತುಂಬಿ ತುಳುಕುವಂತೆ ಹಾಕಿಕೊಂಡರೆ ಇನ್ನೂ ಜಾಸ್ತಿ. ಶುದ್ಧ ಕೆಫೀನ್ 1,200 ಮಿಲಿಗ್ರಾಂ ಬೇಗನೆ ಹೊಟ್ಟೆಗೆ ಹೋದರೆ ಫಿಟ್ಸ್ ತನಕ ಹೋಗಬಹುದು ಅಂತ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಎಚ್ಚರಿಸಿದೆ. ಹೃದಯದ ತೊಂದರೆ, ಬಿಪಿ, ವಿಪರೀತ ಆತಂಕ ಇದ್ದವರು ಡಾಕ್ಟರನ್ನು ಕೇಳದೆ ಇವನ್ನು ಮುಟ್ಟಬಾರದು. ಕುಡಿದ ಮೇಲೆ ಎದೆ ಡವಗುಟ್ಟುವುದು ನಿಲ್ಲದಿದ್ದರೆ, ಎದೆ ನೋವು, ಮೇಲಿಂದ ಮೇಲೆ ವಾಂತಿ, ತೊದಲುವ ಮಾತು ಕಂಡರೆ 108ಕ್ಕೆ ಫೋನ್ ಮಾಡಿ. ಆಸ್ಪತ್ರೆಗೆ ಹೋಗುವಾಗ ಆ ಡಬ್ಬಿಯನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ. ಎಷ್ಟು ಹೋಗಿದೆ ಅಂತ ಡಾಕ್ಟರಿಗೆ ಅದರಿಂದಲೇ ಗೊತ್ತಾಗುತ್ತದೆ.